ಬಾನೆಟ್ಟಿನ ಮೇಲಿನ ಕಾಮನಬಿಲ್ಲು

ನಮ್ಮ ಯಜಮಾನರ ಕಣ್ಣು ಹೋಗುತ್ತಿದೆ ಎಂದು ಗೊತ್ತಾಗಿದ್ದು ಒಂದು ಕಾರಿನಿಂದ. ಗೊತ್ತಾಗುವ ಮುಂಚೆ ಅವರು ಎಷ್ಟು ಖುಷಿಯಾಗಿದ್ದರು ಅಂದರೆ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರ ಮೇಲೆ ಅಂತ ಕೇಳಬೇಡಿ, ಅದು ನನಗೂ ಗೊತ್ತಿಲ್ಲ.

ನಮ್ಮದು ಕಾರುಗಳಿಗೆ ಕೋಟಿಂಗ್ ಹಾಕುವ ಅಂಗಡಿ. ರಿಪೇರಿ ಅಲ್ಲ, ಬಣ್ಣ ಹೊಡೆಯುವುದೂ ಅಲ್ಲ. ಇರುವ ಬಣ್ಣದ ಮೇಲೆ ಗಾಜಿನಂಥ ತೆಳ್ಳನೆ ಪದರ ಕೂರಿಸಿ, ಬಿಸಿಲು, ಧೂಳು, ಹಕ್ಕಿಯ ಹಿಕ್ಕೆಯಿಂದ ಅದನ್ನು ಕಾಪಾಡುವ ಕೆಲಸ. ಕೇಳಿದವರು "ಅಷ್ಟೇನಾ?" ಅನ್ನುತ್ತಾರೆ. ಹೌದು, ಅಷ್ಟೇ. ಆ ಅಷ್ಟಕ್ಕೇ ನಮ್ಮಿಬ್ಬರ ಸೊಂಟ ಬಿದ್ದುಹೋಗಿದೆ.

ಎಡಗಡೆ ಟೈರ್ ಅಂಗಡಿ, ಬಲಗಡೆ ತಗಡು ಬಡಿದು ನೆಟ್ಟಗೆ ಮಾಡುವವರ ಶೆಡ್ಡು. ಬೀದಿಯಲ್ಲಿ ದಿನವೆಲ್ಲ ಠಣಠಣ. ನಮ್ಮ ಷಟರ್ ಕೆಳಗೆ ಎಳೆದರೆ ಮಾತ್ರ ಬೇರೆಯೇ ಲೋಕ. ಧೂಳು ಏಳಬಾರದು ಅಂತ ನೆಲಕ್ಕೆ ನೀರು ಚಿಮುಕಿಸಿರುತ್ತೇವೆ. ಫ್ಯಾನು ಹಾಕುವ ಹಾಗಿಲ್ಲ. ಸ್ಟ್ಯಾಂಡಿನ ಮೇಲೆ ಒಂದೇ ಒಂದು ದೀಪ. ಬಣ್ಣಕ್ಕೆ ಗೀರು ಬೀಳಬಾರದು ಅಂತ ನಾವಿಬ್ಬರೂ ಉಂಗುರ, ಗಡಿಯಾರ ಬಿಚ್ಚಿಟ್ಟು, ಗುಂಡಿಯಿಲ್ಲದ ಏಪ್ರನ್ ಕಟ್ಟಿಕೊಂಡು, ಮೂಗಿಗೆ ಮಾಸ್ಕ್ ಹಾಕಿಕೊಂಡು ಕಾರಿನ ಸುತ್ತ ಮೆಲ್ಲಗೆ ಓಡಾಡುತ್ತೇವೆ. ಕಾರು ಕಪ್ಪಾಗಿದ್ದರೆ ಆ ಮಬ್ಬಿನಲ್ಲಿ ಮಲಗಿದ ಎಮ್ಮೆಯ ಹಾಗೆ ಕಾಣುತ್ತದೆ. ಎಬ್ಬಿಸಬಾರದು ಅನ್ನಿಸುತ್ತದೆ.

ಬೀದಿಯವರು ನಮ್ಮವರಿಗೆ ಇಟ್ಟ ಹೆಸರು ಕನ್ನಡಿ. ಬಾಗಿಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚುವಂತಾಗುವ ತನಕ ಇವರು ಕಾರನ್ನು ಹೊರಗೆ ಬಿಡುವುದಿಲ್ಲ ಅಂತ ಟೈರ್ ಅಂಗಡಿಯ ಅಣ್ಣ ಇಟ್ಟ ಹೆಸರು ಅದು. ಇವರಿಗೆ ಕೋಪ ಅನ್ನುವುದೇ ಇಲ್ಲ. ಮನೆಗೆ ಬೇಕಾದ ಕೋಪವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಊಟ ಆರುತ್ತಿದೆ ಬನ್ನಿ ಅಂತ ಗಂಟಲು ಹರಿದುಕೊಂಡರೂ ಇವರು ಬಾನೆಟ್ಟಿನ ಮೇಲೆ ಬಗ್ಗಿ ಒಳಗೆ ನೋಡುತ್ತಾ ನಿಂತಿರುತ್ತಾರೆ.

"ಏನ್ರೀ ಅದು, ಅದರಲ್ಲಿ ಅಂಥದ್ದೇನಿದೆ?"

"ಆಳ ಇದೆ ಕಣೇ. ಬಾ, ನೋಡು."

ನಾನು ನೋಡಿದರೆ ನನ್ನ ಮುಖ ಕಾಣುತ್ತಿತ್ತು. ಅದನ್ನು ನೋಡುವುದಕ್ಕೆ ಮನೆಯಲ್ಲೇ ಕನ್ನಡಿ ಇದೆ.

ಕೋಟಿಂಗ್ ಹಾಕುವುದರಲ್ಲಿ ಕಷ್ಟ ಇರುವುದು ಕಾಯುವುದರಲ್ಲಿ. ಮೊದಲು ತೊಳೆದು, ಪೇಂಟಿಗೆ ಅಂಟಿದ ಕಿಟ್ಟವನ್ನು ಜೇಡಿಮಣ್ಣಿನಂಥ ಮೆತ್ತನೆಯ ಉಂಡೆಯಿಂದ ಉಜ್ಜಿ ತೆಗೆದು, ಮೆಷಿನ್ನಿನಿಂದ ಪಾಲಿಷ್ ಮಾಡಿ, ಸ್ಪಿರಿಟ್ಟಿನಿಂದ ಒರೆಸುತ್ತೇವೆ. ಬೆರಳಿಗೆ ತೆಳು ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಸವರಿದರೆ ಬರಿಗೈಗೆ ಸಿಗದ ತರಿಯೂ ಸಿಗುತ್ತದೆ. ಅದೂ ಇಲ್ಲ ಅಂದಮೇಲೆ ಸಣ್ಣ ಸ್ಪಂಜಿನ ತುಂಡಿಗೆ ಬಟ್ಟೆ ಸುತ್ತಿ, ಬಾಟಲಿಯಿಂದ ಹನಿ ಹಾಕಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಹಚ್ಚುತ್ತೇವೆ. ಆಮೇಲೆ ಕಾಯಬೇಕು. ಹಚ್ಚಿದ ಪದರ ಬೆವರಿದ ಹಾಗಾಗಿ, ದೀಪದ ಬೆಳಕು ಬಿದ್ದ ಕಡೆ ನೀರಿನ ಮೇಲೆ ಪೆಟ್ರೋಲ್ ಚೆಲ್ಲಿದಂತೆ ಬಣ್ಣಬಣ್ಣ ಏಳುತ್ತದೆ. ನಾವು ಅದನ್ನು ಕಾಮನಬಿಲ್ಲು ಅನ್ನುತ್ತೇವೆ. ಅದು ಎದ್ದ ಕೂಡಲೇ ಒರೆಸಬೇಕು. ತಡವಾದರೆ ಗಟ್ಟಿಯಾಗಿ ಕಲೆ ನಿಲ್ಲುತ್ತದೆ. ಬೇಗ ಒರೆಸಿದರೆ ಕೋಟಿಂಗೆಲ್ಲ ಬಟ್ಟೆಗೆ ಬಂದುಬಿಡುತ್ತದೆ, ಕಾರಿಗೆ ಏನೂ ಉಳಿಯುವುದಿಲ್ಲ. ಹೊಳೆಯುತ್ತದೆ, ಆದರೆ ಬೋಳು.

ನೋಡುವ ಕೆಲಸ ಅವರದು, ಒರೆಸುವ ಕೆಲಸ ನನ್ನದು. ಬಾಗಿಲು, ಡಿಕ್ಕಿ, ಟಾಪು ಅಂತ ಒಂದೊಂದು ಭಾಗಕ್ಕೂ ಇಬ್ಬರ ನಡುವೆ ನಡೆಯುವ ಮಾತು ಒಂದೇ.

"ಬಂತಾ?"

"ಇಲ್ಲ."

"ಬಂತಾ?"

"ಇಲ್ಲ, ತಡಿ... ಬಂತು."

ನಮ್ಮ ಸಂಸಾರದಲ್ಲಿ ಜಗಳ ಬಿಟ್ಟರೆ ಅತಿ ಹೆಚ್ಚು ಆಡಿದ ಮಾತು ಇದೇ ಇರಬೇಕು.

ಆ ಸಲದ ಬೇಸಿಗೆಯಲ್ಲಿ ಕಾಮನಬಿಲ್ಲು ಬೇಗ ಬೇಗ ಬರತೊಡಗಿತು. ನಾನು "ಬಂತಾ?" ಅಂತ ಕೇಳುವುದಕ್ಕೂ ಮೊದಲೇ ಇವರು "ಬಂತು" ಅನ್ನುತ್ತಿದ್ದರು. ಈ ಹೊಸ ಬಾಟಲಿ ಭಾರೀ ಚುರುಕು ಅಂತ ಹೊಗಳಿದರು. ನನಗೂ ಖುಷಿಯೇ ಆಯಿತು, ಕೆಲಸ ಬೇಗ ಮುಗಿದರೆ ಯಾರಿಗೆ ಬೇಡ? ಮಧ್ಯಾಹ್ನದ ಹೊತ್ತು ಷಟರಿನ ಕೆಳಗಿನ ಸಂದಿಯಿಂದ ಬೆಳಕಿನ ಒಂದು ಪಟ್ಟಿ ಒಳಗೆ ಬಂದು ಒದ್ದೆ ನೆಲದ ಮೇಲೆ ಮಲಗಿರುತ್ತಿತ್ತು. ಹೊರಗಿನ ಠಣಠಣ ಎಲ್ಲೋ ದೂರದ ಊರಿನದು ಅನ್ನಿಸುತ್ತಿತ್ತು. ಇವರು ದೀಪದ ಪಕ್ಕ ನಿಂತು, "ಎಂಥಾ ನೇರಳೆ ಕಣೇ ಇವತ್ತು! ಅದರ ಹಿಂದೆ ಹಸಿರು, ಅಂಚಿನಲ್ಲಿ ಕೆಂಪು. ಇಷ್ಟು ವರ್ಷದಲ್ಲಿ ಇಂಥದ್ದು ನೋಡಿರ್ಲಿಲ್ಲ" ಅನ್ನುತ್ತಿದ್ದರು. ಬಟ್ಟೆ ಹಿಡಿದುಕೊಂಡ ನಾನು ಬಗ್ಗಿ ಒರೆಸುತ್ತಿದ್ದೆ. ನನ್ನ ಜಾಗದಿಂದ ಆ ಬಣ್ಣ ಕಾಣುವುದಿಲ್ಲ, ದೀಪದ ಎದುರಿಗೆ ನಿಂತವರಿಗೆ ಮಾತ್ರ ಕಾಣುತ್ತದೆ. ಅವರಿಗೆ ಕಂಡರೆ ಸಾಕಾಗಿತ್ತು.

ಸಂಜೆ ಅಂಗಡಿ ಮುಚ್ಚಿ ಮನೆಗೆ ನಡೆಯುವಾಗ ಬೀದಿದೀಪ ಹತ್ತುವ ಹೊತ್ತು. ಇವರು ನಡೆಯುತ್ತಾ ನಡೆಯುತ್ತಾ ನಿಂತುಬಿಡುತ್ತಿದ್ದರು.

"ನೋಡೇ, ಒಂದೊಂದು ದೀಪಾನೂ ಬಣ್ಣದ ಬಳೆ ಹಾಕ್ಕೊಂಡು ನಿಂತಿದೆ."

ನಾನು ತಲೆಯೆತ್ತಿ ನೋಡಿದೆ. ದೀಪ ಇತ್ತು, ಅದರ ಸುತ್ತ ಹುಳ ಇದ್ದವು.

"ನಿಮಗೆ ಕವಿತೆ ಬರೀಬೇಕು ಅನ್ನಿಸಿದ್ರೆ ಮನೇಲಿ ಕೂತ್ಕೊಂಡು ಬರೀರಿ. ನಡುಬೀದೀಲಿ ನಿಂತ್ಕೋಬೇಡಿ, ಬೈಕಿನೋರು ಬಂದು ಗುದ್ದುತ್ತಾರೆ."

ಅವರು ನಕ್ಕರು. ಹಾಗೆ ನಗುತ್ತಾ ಹುಬ್ಬಿನ ಮೇಲೆ ಬೆರಳು ಒತ್ತಿಕೊಂಡರು. ತಲೆ ಭಾರ ಅಂದರು. ಸ್ಪಿರಿಟ್ಟಿನ ವಾಸನೆ ಇರಬೇಕು ಅಂತ ಮನೆಗೆ ಹೋಗಿ ಹಣೆಗೆ ಬಾಮ್ ತಿಕ್ಕಿದೆ. ಬಾಮ್ ತಿಕ್ಕಿಸಿಕೊಳ್ಳುವಾಗಲೂ ಅಡುಗೆಮನೆಯ ಬಲ್ಬಿನ ಕಡೆಗೇ ನೋಡುತ್ತಿದ್ದರು, ಸಣ್ಣ ಮಗು ಬಲೂನು ನೋಡುವ ಹಾಗೆ.

ಮೊದಲ ಮಳೆ ಬಿದ್ದ ಮೇಲೆ ಹಲ್ಲಿನ ಡಾಕ್ಟರಮ್ಮ ಬಂದರು. ಅವರ ಕಡುನೀಲಿ ಕಾರಿಗೆ ನಾವು ಕೋಟಿಂಗ್ ಹಾಕಿ ಬಹಳ ದಿನ ಆಗಿರಲಿಲ್ಲ. ಆಕೆ ಮೆತ್ತಗೆ ಮಾತಾಡುವವರು, ಬೇರೆಯವರ ಬಾಯಿಗೆ ಕೈ ಹಾಕಿಯೂ ನೋಯಿಸದೆ ಇದ್ದು ಅಭ್ಯಾಸ.

"ನೀವು ಹೇಳಿದ್ರಲ್ಲ, ನೀರು ಹನಿಹನಿಯಾಗಿ ಉರುಳಿ ಹೋಗುತ್ತೆ ಅಂತ? ನನ್ನ ಕಾರಿನ ಮೇಲೆ ನೀರು ಹಾಗೇ ಹರಡ್ಕೊಂಡು ನಿಲ್ತಿದೆ. ನಾನೇ ಏನಾದ್ರೂ ತಪ್ಪಾಗಿ ತೊಳೆದ್ನಾ?"

ಇವರು ಚೊಂಬಿನಲ್ಲಿ ನೀರು ತಂದು ಬಾನೆಟ್ಟಿನ ಮೇಲೆ ಸುರಿದರು. ನೀರು ಉರುಳಲಿಲ್ಲ, ಮುತ್ತಾಗಲಿಲ್ಲ. ಹಳೆಯ ತಟ್ಟೆಯ ಮೇಲೆ ಬಿದ್ದ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿತು. ಇವರು ಅದನ್ನೇ ನೋಡುತ್ತಾ ನಿಂತರು. ಇವರ ಕೈಯಿಂದ ಹೊರಗೆ ಹೋದ ಕಾರು ಹೀಗೆ ವಾಪಸ್ಸು ಬಂದದ್ದು ಅದೇ ಮೊದಲು.

"ಬಾಟಲಿ ಕೆಟ್ಟಿದೆ. ಇನ್ನೊಂದು ಸಲ ನಾವೇ ಹಾಕಿಕೊಡ್ತೀವಿ ಅಮ್ಮಾ, ನೀವೇನೂ ಯೋಚ್ನೆ ಮಾಡ್ಬೇಡಿ" ಅಂದರು.

ಅದೇ ವಾರ ಇನ್ನೊಬ್ಬರೂ ಬಂದರು, ಅದೇ ದೂರು. ಇವರು ಹೊಸ ಬಾಟಲಿ ತರಿಸಿದರು. ಹೊಸ ಬಾಟಲಿಯೂ ಮೊದಲಿನದರಷ್ಟೇ ಚುರುಕಾಗಿತ್ತು. ಎರಡು ಬಾಟಲಿಯೂ ಒಂದೇ ಥರ ಕೆಟ್ಟಿರುವುದು ಹೇಗೆ? ಬಟ್ಟೆ ಕೆಳಗಿಟ್ಟು, ಕಾರು ಸುತ್ತಿ ಬಂದು ಅವರ ಪಕ್ಕ ನಿಂತೆ.

"ಬಂತು" ಅಂದರು.

ನಾನು ನೋಡಿದೆ. ಬಾನೆಟ್ಟಿನಲ್ಲಿ ದೀಪದ ಬಿಂಬ ಇತ್ತು. ಬೆಳ್ಳಗೆ, ದುಂಡಗೆ, ಅಷ್ಟೇ.

"ಎಲ್ಲಿ?"

"ಅಲ್ಲೇ ಕಣೇ, ದೀಪದ ಸುತ್ತ. ನೇರಳೆ, ಆಮೇಲೆ ಹಸಿರು. ಅಯ್ಯೋ, ಒರೆಸು, ತಡ ಆಗುತ್ತೆ."

ನಿಜವಾದ ಕಾಮನಬಿಲ್ಲು ದೀಪದ ಸುತ್ತ ಬಳೆಯ ಹಾಗೆ ನಿಲ್ಲುವುದಿಲ್ಲ, ಪೇಂಟಿನ ಮೇಲೆ ಹರಡಿಕೊಂಡು ಹರಿಯುತ್ತದೆ. ಅದನ್ನು ನನಗೆ ಹೇಳಿಕೊಟ್ಟವರೇ ಇವರು. ಬೀದಿದೀಪಗಳ ಬಣ್ಣದ ಬಳೆ ನೆನಪಾಯಿತು. ಅಡುಗೆಮನೆಯ ಬಲ್ಬು ನೆನಪಾಯಿತು.

ಕಣ್ಣಿನ ಆಸ್ಪತ್ರೆಗೆ ಹೋಗೋಣ ಅಂದೆ. ನಕ್ಕರು. ಕೂಗಾಡಿದೆ. ಆಗಲೂ ನಕ್ಕರು. ಮನೆಗೆ ಹೋಗಿ ಊಟಕ್ಕೆ ಕೂತಾಗ ಮತ್ತೆ ಕೇಳಿದೆ, ಈ ಸಲ ಮೆತ್ತಗೆ. ನಾನು ಮೆತ್ತಗೆ ಮಾತಾಡಿದರೆ ಅವರಿಗೆ ಭಯವಾಗುತ್ತದೆ. ತಟ್ಟೆಯಿಂದ ಕೈ ತೆಗೆದರು.

"ಇಷ್ಟು ವರ್ಷ ನಾನು ಅದನ್ನ ಕಾದು ಕಾದು ನೋಡ್ತಿದ್ದೆ. ಕಣ್ಣು ಮಿಟುಕಿಸೋ ಅಷ್ಟರಲ್ಲಿ ನೀನು ಒರೆಸಿ ಹಾಕ್ತಿದ್ದೆ. ಈಗ ತಾನಾಗೇ ಬರುತ್ತೆ, ಎಲ್ಲಿ ನೋಡಿದ್ರೂ ಇರುತ್ತೆ. ಅದನ್ನ ಕಾಯಿಲೆ ಅಂತ ಯಾಕೆ ಅನ್ತೀಯ?"

"ಕಾಯಿಲೆ ಅಂತ ನಾನೆಲ್ಲಿ ಅಂದೆ? ತೋರಿಸ್ಕೊಂಡು ಬರೋಣ ಅಂದೆ."

"ಕಣ್ಣಿಲ್ದಿದ್ರೆ ನನಗೇನಿದೆ ಹೇಳು. ಅವರು ಏನಾದ್ರೂ ಹೇಳಿಬಿಟ್ಟರೆ?"

ನಗುತ್ತಾ ಶುರು ಮಾಡಿದ ಮಾತು ಎಲ್ಲಿಗೆ ಬಂದು ನಿಂತಿತು ನೋಡಿ. ಅವರಿಗೂ ಒಳಗೊಳಗೆ ಅನುಮಾನ ಇತ್ತು. ಆ ಅನುಮಾನವನ್ನು ಆ ಬಣ್ಣಗಳ ಹಿಂದೆ ಬಚ್ಚಿಟ್ಟುಕೊಂಡಿದ್ದರು. ಹಾಗೆ ಕೂತಿರುವವರನ್ನು ಕೈ ಹಿಡಿದು ಎಳೆದರೆ ಬರುವುದಿಲ್ಲ.

ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಕಪ್ಪು ಬಾಗಿಲು ಒರಗಿಸಿಟ್ಟಿದ್ದೆವು. ಯಾವುದೋ ಕಾರಿನದು, ಹೊಸ ಬಾಟಲಿ ಬಂದಾಗ ಪರೀಕ್ಷೆಗೆ ಬಳಸುತ್ತಿದ್ದೆವು. ಮರುದಿನ ಅದನ್ನು ಮೇಜಿನ ಮೇಲೆ ಮಲಗಿಸಿ, ಸ್ಪಿರಿಟ್ಟಿನಿಂದ ಒರೆಸಿ, "ಡಾಕ್ಟರಮ್ಮನ ಕಾರಿಗೆ ಮುಂಚೆ ಇದರ ಮೇಲೆ ಒಂದ್ಸಲ ನೋಡೋಣ" ಅಂದೆ. ಷಟರ್ ಎಳೆದೆ. ಇವರು ಮಾಸ್ಕ್ ಹಾಕಿಕೊಂಡು ದೀಪ ಸರಿಮಾಡಿಕೊಂಡರು. ನಾನು ಅವರಿಗೆ ಬೆನ್ನು ಮಾಡಿ ಬಾಟಲಿ ಎತ್ತಿ, ಹಾಗೇ ಕೆಳಗಿಟ್ಟೆ. ಒಂದು ಹನಿಯನ್ನೂ ಹಾಕಲಿಲ್ಲ. ಒಣ ಬಟ್ಟೆ ಸುತ್ತಿದ ಸ್ಪಂಜಿನಿಂದ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಬಾಗಿಲು ತುಂಬ ಸವರಿದೆ.

"ಬಂತಾ?"

"ಇಲ್ಲ."

ಜೀವ ಬಂದ ಹಾಗಾಯಿತು. ಬರದಿದ್ದರೆ ಸಾಕು, ನಾನೇ ಹುಚ್ಚಿ ಅಂತ ಒಪ್ಪಿಕೊಳ್ಳುತ್ತೇನೆ ಅಂದುಕೊಂಡೆ. ದೀಪ ಸ್ಥಿರವಾಗಿ ಉರಿಯುತ್ತಿತ್ತು. ಆಚೆ ಟೈರಿಗೆ ಗಾಳಿ ತುಂಬುವ ಸದ್ದು ನಿಂತಿತ್ತು.

"ಬಂತಾ?"

"ತಡಿ... ಬಂತು. ಒರೆಸು, ಒರೆಸು."

ನಾನು ಒರೆಸಲಿಲ್ಲ. ಬಟ್ಟೆಯನ್ನು ಅವರ ಕೈಗೆ ಕೊಟ್ಟೆ. "ಇವತ್ತು ನೀವೇ ಒರೆಸಿ" ಅಂದೆ.

ಅವರು ಒರೆಸಿದರು. ಕೋಟಿಂಗ್ ಮೇಲೆ ಬಟ್ಟೆ ಮೊದಲು ಸ್ವಲ್ಪ ಹಿಡಿಯುತ್ತದೆ, ಆಮೇಲೆ ಜಾರುತ್ತದೆ. ಇದು ಕಿರ್‍ ಅಂತ ಒಣಗಿದ ಸದ್ದು ಮಾಡಿತು. ಅವರ ಕೈ ನಿಂತಿತು. ಪ್ಲಾಸ್ಟಿಕ್ ಚೀಲಕ್ಕೂ ಕಾಯಲಿಲ್ಲ, ಬರಿಬೆರಳಿನಲ್ಲೇ ಬಾಗಿಲನ್ನು ಈ ತುದಿಯಿಂದ ಆ ತುದಿಗೆ ಸವರಿದರು. ಮಾಸ್ಕ್ ಕೆಳಗೆ ಎಳೆದು ಸ್ಪಂಜನ್ನು ಮೂಸಿ ನೋಡಿದರು.

"ಏನೂ ಹಾಕಿರ್ಲಿಲ್ವಾ?"

"ಇಲ್ಲ."

ಬೈಯಲಿ, ಮೋಸ ಮಾಡಿದೆ ಅನ್ನಲಿ ಅಂತ ಕಾಯುತ್ತಿದ್ದೆ.

"ಆದ್ರೂ ಎಷ್ಟು ಚೆನ್ನಾಗಿತ್ತು ಕಣೇ" ಅಂದರು.

ಆ ಮಾತಿಗೆ ನಾನು ಅಳಬೇಕಿತ್ತು. ಅಳು ಬರಲಿಲ್ಲ, ಸಿಟ್ಟೇ ಬಂತು. "ಏಪ್ರನ್ ಬಿಚ್ಚಿ, ಚಪ್ಪಲಿ ಮೆಟ್ಕೊಳ್ಳಿ" ಅಂದೆ. ಮೆಟ್ಟಿಕೊಂಡರು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವರು. ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಇವರ ಗದ್ದವನ್ನು ಮೆಷಿನ್ನಿನ ಮೇಲೆ ಇಡಿಸಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಬಗ್ಗಿ, ಉಸಿರು ಬಿಗಿಹಿಡಿದು, ಥೇಟ್ ನಮ್ಮವರು ಬಾನೆಟ್ ನೋಡುವ ಹಾಗೇ. ಕಣ್ಣೊಳಗಿನ ನೀರು ಹರಿದುಹೋಗುವ ದಾರಿ ಕಟ್ಟಿಕೊಂಡು ಒತ್ತಡ ಏರುತ್ತಿದೆ ಅಂದರು. ಮಬ್ಬಿನಲ್ಲಿ ಕೆಲಸ ಮಾಡುವಾಗ ಇನ್ನೂ ಜಾಸ್ತಿ. ಒತ್ತಡ ಏರಿದಾಗ ದೀಪದ ಸುತ್ತ ಬಣ್ಣ ಕಾಣುತ್ತದೆ, ಹುಬ್ಬು ನೋಯುತ್ತದೆ. ಎಡಗಣ್ಣಿನ ಅಂಚಿನ ನೋಟ ಆಗಲೇ ಒಂದಿಷ್ಟು ಹೋಗಿದೆ. ಹೀಗೇ ಬಿಟ್ಟಿದ್ದರೆ ಎರಡೂ ಹೋಗುತ್ತಿದ್ದವು.

"ಹೋಗಿದ್ದನ್ನ ತರೋಕಾಗಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳೋಣ. ಲೇಸರಿನಲ್ಲಿ ಒಂದು ಸಣ್ಣ ದಾರಿ ಮಾಡ್ತೀನಿ."

ಇವರು ಕೇಳಿದ್ದು ಒಂದೇ ಪ್ರಶ್ನೆ. "ಆ ಬಣ್ಣ ಇನ್ನು ಕಾಣಲ್ವಾ ಸಾರ್?"

"ಕಾಣಬಾರದು. ಕಂಡ್ರೆ ಓಡಿ ಬನ್ನಿ" ಅಂದರು ಡಾಕ್ಟರು.

ಎರಡೂ ಕಣ್ಣಿಗೆ ಲೇಸರ್ ಆಯಿತು. ಹುಬ್ಬಿನ ನೋವು ಹೋಯಿತು. ಒಂದು ಸಂಜೆ ಔಷಧಿ ಅಂಗಡಿಯಿಂದ ವಾಪಸ್ಸು ಬರುವಾಗ ಬೀದಿದೀಪ ಹತ್ತಿದವು. ಇವರು ಈ ಸಲ ನಿಲ್ಲಲಿಲ್ಲ. ನಾನೇ ನಿಂತೆ.

"ಹೇಗಿದೆ?"

"ಎಲ್ಲಾ ಬರೀ ದೀಪ" ಅಂದರು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅವರ ದನಿ ಕೇಳಿ, ಆ ಬಳೆಗಳನ್ನು ಒಂದೊಂದಾಗಿ ನಾನೇ ಕಳಚಿಸಿದೆನೇನೋ ಅನ್ನಿಸಿತು.

ಅದಾದ ಮೇಲೆ ಇವರು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಡಾಕ್ಟರು ಕೆಲಸ ಮಾಡಬಹುದು ಅಂದಿದ್ದರು, ಮಬ್ಬು ಬೇಡ, ಇನ್ನೆರಡು ದೀಪ ಹಾಕಿಕೊಳ್ಳಿ ಅಂದಿದ್ದರು. ಆದರೂ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಟೈರ್ ಅಂಗಡಿಯ ಅಣ್ಣ ನೋಡಲು ಬಂದು, "ಏನೋ ಕನ್ನಡಿ, ನೀನಿಲ್ದೆ ನಮ್ಮ ಬೀದೀಲಿ ಒಬ್ಬರ ತಲೆಯೂ ನೆಟ್ಟಗಿಲ್ಲ, ಬಾಚ್ಕೊಳ್ಳೋಕೆ ಒಂದು ಬಾಗಿಲಿಲ್ಲ" ಅಂತ ನಗಿಸಲು ನೋಡಿದ. ಇವರು ಸುಮ್ಮನೆ ತಲೆಯಾಡಿಸಿದರು. ಅವನು ಹೋದಮೇಲೆ ನನಗೆ ಹೇಳಿದರು.

"ಏನೂ ಇಲ್ದೇ ಇರೋ ಕಡೆ ನಾನು ಬಂತು ಅಂದೆ. ಈ ಕಣ್ಣಿನ ಮಾತು ಇನ್ನು ನಂಬೋದು ಹೇಗೆ?"

ಉಳಿಸಿಕೊಂಡ ಕಣ್ಣು ಹೀಗೆ ಗೋಡೆ ನೋಡುತ್ತಾ ಕೂತರೆ ಉಳಿದಿದ್ದಾದರೂ ಏನು ಅಂತ ನನಗೆ ಹೆದರಿಕೆ ಹತ್ತಿತು.

ಡಾಕ್ಟರಮ್ಮನಿಗೆ ಫೋನ್ ಮಾಡಿ ಕಾರು ತರಿಸಿ, ಇವರ ಕುರ್ಚಿಯ ಮುಂದೆ ಬಂದು ನಿಂತೆ. "ಕೊಟ್ಟ ಮಾತು ನಿಮ್ಮದು. ನೀವು ಬರದಿದ್ರೆ ನಾನೊಬ್ಬಳೇ ಹಾಕ್ತೀನಿ, ಹಾಳಾದ್ರೆ ಹೆಸರು ನಿಮ್ಮದು" ಅಂದೆ. ಅದಕ್ಕೆ ಎದ್ದರು.

ತೊಳೆದೆವು, ಉಜ್ಜಿದೆವು, ಪಾಲಿಷ್ ಮಾಡಿದೆವು. ಕೈಗೆ ಎಲ್ಲ ನೆನಪಿತ್ತು. ನೆಲಕ್ಕೆ ನೀರು ಚಿಮುಕಿಸಿ, ಹೊಸ ದೀಪಗಳನ್ನೂ ಹಚ್ಚಿ ಷಟರ್ ಎಳೆದಾಗ ಮತ್ತೆ ಆ ಬೇರೆ ಲೋಕ ಬಂದು ನಮ್ಮ ಸುತ್ತ ಕೂತಿತು. ಇವರು ಬಟ್ಟೆ ತೆಗೆದುಕೊಂಡು ನನ್ನ ಜಾಗಕ್ಕೆ ಹೋಗಿ ನಿಂತರು.

"ನೀನೇ ನೋಡು. ನಾನು ಹಚ್ಚಿ ಒರೆಸ್ತೀನಿ."

ಹಾಗಾಗಿ ನಾನು ದೀಪದ ಎದುರು ಅವರ ಜಾಗದಲ್ಲಿ ನಿಂತೆ. ಅವರು ಬಾನೆಟ್ಟಿಗೆ ಹಚ್ಚತೊಡಗಿದರು. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ. ಕಡುನೀಲಿಯ ಒಳಗೆ ನೋಡಿದೆ. ನನ್ನ ಮುಖದ ಹಿಂದೆ ಅವರ ಕೈ ಓಡಾಡುತ್ತಿತ್ತು, ಅದರ ಹಿಂದೆ ದೀಪ, ಅದರ ಹಿಂದೆ ಇನ್ನೂ ನೀಲಿ, ಅದು ಎಲ್ಲಿ ಮುಗಿಯುತ್ತದೆ ಅಂತ ತಿಳಿಯಲಿಲ್ಲ. ಆಳ ಇದೆ ಕಣೇ ಅನ್ನುತ್ತಿದ್ದರಲ್ಲ, ಇತ್ತು. ನೋಡುತ್ತಾ ಹೋದಂತೆ ಅವರ ಮುಖವೂ ಅದರಲ್ಲಿ ಬಂತು. ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿಕೊಂಡು ಹಚ್ಚುತ್ತಿದ್ದರು. ಮೊದಲು ಹಾಗೆ ತಿರುಗಿಸುತ್ತಿರಲಿಲ್ಲ. ಎಡಗಣ್ಣಿಗೆ ಕಾಣದ ಅಂಚನ್ನು ಬಲಗಣ್ಣಿನಿಂದ ನೋಡಲು ಹಾಗೆ ಮಾಡುತ್ತಿದ್ದಾರೆ ಅಂತ ಹೊಳೆಯಿತು. ಯಾರಿಗೂ ಹೇಳದೆ, ತಾವೇ ಅಭ್ಯಾಸ ಮಾಡಿಕೊಂಡಿದ್ದರು.

ದೀಪದ ಸುತ್ತ ಬಣ್ಣ ಎದ್ದಿತು. ಕೆಂಪು, ಹಸಿರು, ನೇರಳೆ.

"ಬಂತು!" ಅಂದೆ. "ಒರೆಸಿ."

ಅವರು ಬಟ್ಟೆ ಎತ್ತಿದರು. ಹಾಗೇ ನಿಂತು, ಆ ಬದಿಗೆ ಹಾಕಿದ್ದ ಹೊಸ ದೀಪದ ಬೆಳಕಿನಲ್ಲಿ ಬಗ್ಗಿ ನೋಡಿದರು.

"ಬಂದಿಲ್ವಲ್ಲೇ."

"ಬಂದಿದೆ ರೀ. ಕಾಣ್ತಿದೆ ನನಗೆ. ದೀಪದ ಸುತ್ತ, ಬಳೆ ಥರ."

ಅವರ ಕೈಯಿಂದ ಬಟ್ಟೆ ಬಿತ್ತು. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಬಳಸುವ ಹಾಗಿಲ್ಲ ಅಂತ ನನಗೆ ಸಾವಿರ ಸಲ ಹೇಳಿದವರು ಅದನ್ನು ದಾಟಿಕೊಂಡು ಓಡಿ ಬಂದರು. ನನ್ನ ಗದ್ದ ಹಿಡಿದು, ಆಸ್ಪತ್ರೆಯಲ್ಲಿ ಮಾಡಿದ್ದ ಹಾಗೆ ದೀಪದ ಕಡೆಗೆ ತಿರುಗಿಸಿ, ಒಂದು ಕಣ್ಣು ನೋಡಿದರು, ಇನ್ನೊಂದು ಕಣ್ಣು ನೋಡಿದರು. ಆಮೇಲೆ ಉಸಿರು ಬಿಟ್ಟರು. ನಗತೊಡಗಿದರು.

"ಮೊದ್ಲು ಕಣ್ಣು ಒರೆಸ್ಕೋ. ಆಮೇಲೆ ನೋಡು."

ಮುಟ್ಟಿ ನೋಡಿಕೊಂಡೆ. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಒರೆಸಿಕೊಂಡೆ. ದೀಪ ಬರೀ ದೀಪವಾಯಿತು.

ಅವರು ನನ್ನ ಜಾಗಕ್ಕೆ ವಾಪಸ್ಸು ಹೋಗಲಿಲ್ಲ. ಹೊಸ ಬಟ್ಟೆಯೊಂದನ್ನು ನನ್ನ ಕೈಗೆ ಕೊಟ್ಟು, ತಮ್ಮ ಜಾಗದಲ್ಲೇ ನಿಂತು, ಕುತ್ತಿಗೆ ಎಡಕ್ಕೆ ತಿರುಗಿಸಿ ಬಾನೆಟ್ಟಿನೊಳಗೆ ನೋಡತೊಡಗಿದರು. ನಾನು ಸುತ್ತಿಕೊಂಡು ಆಚೆಗೆ ಹೋದೆ.

"ಬಂತಾ?"

"ಇಲ್ಲ."

"ಬಂತಾ?"

"ಇಲ್ಲ, ತಡಿ."

ಕಾದೆವು. ಆಚೆ ಯಾರೋ ತಗಡು ಬಡಿಯುತ್ತಿದ್ದರು.

"ಬಂತು" ಅಂದರು. "ಹರೀತಾ ಇದೆ."

ನಾನು ಬಗ್ಗಿದೆ. ಬಟ್ಟೆ ಮೊದಲು ಸ್ವಲ್ಪ ಹಿಡಿಯಿತು, ಆಮೇಲೆ ಜಾರಿತು.